ನಾಲ್ಕು ಅಂಗೈ ನೆಲ

ಕಾರಿಗೆ ಹೊಸ ಟೈರ್ ಹಾಕಿಸಬೇಕು ಎಂದು ಬಾಯಿಬಿಟ್ಟರೆ ಸಾಕು, ಎಲ್ಲರ ಬಳಿಯೂ ಒಂದೊಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಎದುರುಮನೆಯ ನಿವೃತ್ತ ಮೇಷ್ಟ್ರು, “ನಮ್ಮ ದೇಶದಲ್ಲೇ ಇಷ್ಟೊಂದು ಕಂಪನಿ ಇರುವಾಗ ಹೊರಗಿನವರದ್ದು ಯಾಕಮ್ಮಾ?” ಎಂದರು. ಆಫೀಸಿನ ಹುಡುಗ, “ಮೇಡಂ, ಒಂದ್ಸಲ ಒಳ್ಳೇ ಬ್ರ್ಯಾಂಡ್ ಹಾಕ್ಸಿ ನೋಡಿ, ಆಮೇಲೆ ಬೇರೆ ಮುಟ್ಟಲ್ಲ ನೀವು” ಎಂದ. ಮಗನ ಲೆಕ್ಕವೇ ಬೇರೆ: “ಅಮ್ಮಾ, ಆ ಉಳಿಯೋ ದುಡ್ಡಲ್ಲಿ ಸ್ಪೀಕರ್ರೂ ಬರುತ್ತೆ, ಸೀಟ್ ಕವರ್ರೂ ಬರುತ್ತೆ.” ಯಾರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಆದರೆ ಯಾರ ಮಾತಿನಲ್ಲೂ ನನಗೆ ಬೇಕಾದ ಉತ್ತರವಿರಲಿಲ್ಲ.

ನನ್ನದು ಸಾಧಾರಣ ಹ್ಯಾಚ್‌ಬ್ಯಾಕ್ ಕಾರು. ಟೈರಿನ ಅಳತೆ 185/65 ಆರ್ 15. ನಮ್ಮ ದೇಶದ ಹೆಸರಾಂತ ಕಂಪನಿಯ ಟೈರ್ ಒಂದಕ್ಕೆ ಅಂಗಡಿಯವರು 5,200 ರೂಪಾಯಿ ಹೇಳಿದರು. ಪ್ರೀಮಿಯಂ ಎಂದು ಗೋಡೆಯ ಮೇಲಿನ ಸಾಲಿನಲ್ಲಿ ಜೋಡಿಸಿಟ್ಟಿದ್ದ ಟೈರಿಗೆ 7,600. ಒಂದಕ್ಕೆ 2,400 ರೂಪಾಯಿ ಹೆಚ್ಚು, ನಾಲ್ಕಕ್ಕೆ 9,600. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಅಷ್ಟರಲ್ಲಿ ತಿಂಗಳ ದಿನಸಿ ಬರುತ್ತದೆ. ಅಷ್ಟು ಹೆಚ್ಚು ಕೊಟ್ಟರೆ ಅದಕ್ಕೆ ಪ್ರತಿಯಾಗಿ ನಿಜಕ್ಕೂ ಏನು ಸಿಗುತ್ತದೆ ಎನ್ನುವುದನ್ನು ತಿಳಿದೇ ಕೊಡಬೇಕು, ತಿಳಿದೇ ಬಿಡಬೇಕು ಎಂದುಕೊಂಡೆ.

ಈ ವಿಷಯ ನನಗೆ ಬರೀ ಖರೀದಿಯ ವಿಷಯವಲ್ಲ, ಅದಕ್ಕೊಂದು ಕಾರಣವಿದೆ. ನಾನಿರುವುದು ಮೈಸೂರಿನಲ್ಲಿ, ತವರು ಸುಳ್ಯದ ಕಡೆ. ನಡುವಿನ ದಾರಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ; ಅಲ್ಲಿಂದ ಸಂಪಾಜೆ ಘಾಟಿ ಇಳಿದರೆ ನಮ್ಮೂರು. ರಾಷ್ಟ್ರೀಯ ಹೆದ್ದಾರಿ 275 ಎಂದು ಅದರ ಹೆಸರು. ಈ ದಾರಿಯ ಎರಡು ತುದಿಗಳಲ್ಲೂ ಟೈರಿನ ಕಥೆಯಿದೆ. ಮೈಸೂರಿನ ತುದಿಯಲ್ಲಿ ಕಾರ್ಖಾನೆ: ಕೆಆರ್‌ಎಸ್ ರಸ್ತೆಯ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರ್ಸ್ ಎಂದು ಶುರುವಾದದ್ದು, 1997ರಲ್ಲಿ ಜೆಕೆ ಟೈರ್ ಕಂಪನಿಯ ಕೈಗೆ ಬಂತು. ಊರಿನ ಹಳಬರು ಇಂದಿಗೂ ಅದನ್ನು ವಿಕ್ರಾಂತ್ ಎಂದೇ ಕರೆಯುತ್ತಾರೆ. “ವಿಕ್ರಾಂತ್‌ನಲ್ಲಿ ಕೆಲಸ” ಎಂದರೆ ಒಂದು ಕಾಲಕ್ಕೆ ಹೆಣ್ಣು ಕೊಡುವವರು ಎರಡನೇ ಮಾತಾಡುತ್ತಿರಲಿಲ್ಲ. ಸುಳ್ಯದ ತುದಿಯಲ್ಲಿ ರಬ್ಬರ್ ಮರಗಳು. ನಮ್ಮ ಮನೆಯ ಗುಡ್ಡದಲ್ಲೂ ಇವೆ, ಅರಣ್ಯ ಅಭಿವೃದ್ಧಿ ನಿಗಮದ ದೊಡ್ಡ ತೋಟಗಳಲ್ಲೂ ಇವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳಿಗೆ ನಿಗಮದ ಆ ತೋಟಗಳಲ್ಲೇ ಕೆಲಸ ಸಿಕ್ಕಿತು. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್‌ಗೆ ಹೊರಡುವವರನ್ನು ನೋಡುತ್ತಾ ಬೆಳೆದವಳಿಗೆ ಟೈರ್ ಎಂದರೆ ಕಾರ್ಖಾನೆಯಿಂದಲ್ಲ, ಮರದಿಂದ ಶುರುವಾಗುವ ವಸ್ತು.

ಆದ್ದರಿಂದಲೇ ಅಣ್ಣನಿಗೆ ಫೋನಿನಲ್ಲಿ ಬೆಲೆ ಹೇಳಿದಾಗ ಅವನು ಕೇಳಿದ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. “ಎಂತದು ಮಾರಾಯ್ತಿ, ನಾಲ್ಕು ಟೈರಿಗೆ ಮೂವತ್ತು ಸಾವಿರವಾ? ನಮ್ಮ ರಬ್ಬರ್ ಶೀಟಿಗೆ ಕಿಲೋಗೆ ಇನ್ನೂರು ಸಿಕ್ಕಿದರೆ ದೊಡ್ಡದು. ಒಂದು ಟೈರಿಗೆ ಎಷ್ಟು ರಬ್ಬರ್ ಹೋಗ್ತದೆ?”

ಎಷ್ಟು ಹೋಗುತ್ತದೆ? ಇಂಥ ಕಾರಿನ ಒಂದು ಟೈರ್ ಎಂಟು ಕಿಲೋದ ಆಸುಪಾಸು ತೂಗುತ್ತದೆ. ಅದರಲ್ಲಿ ಮರದಿಂದ ಬಂದ ರಬ್ಬರ್ ಸುಮಾರು ಐದರಲ್ಲೊಂದು ಪಾಲು, ಅಂದರೆ ಒಂದೂವರೆ ಕಿಲೋ. ಅಣ್ಣ ಹೇಳಿದ ದರದಲ್ಲಿ ಮುನ್ನೂರು ರೂಪಾಯಿ. ಲಾರಿ ಟೈರಿನಲ್ಲಿ ಈ ಪಾಲು ಇನ್ನೂ ಹೆಚ್ಚಿರುತ್ತದೆ, ಭಾರ ಹೊತ್ತು ಬಿಸಿಯಾದರೂ ತಡೆದುಕೊಳ್ಳುವ ಗುಣ ಮರದ ರಬ್ಬರಿಗೇ ಹೆಚ್ಚು. ಕಾರಿನ ಟೈರಿನಲ್ಲಿ ಉಳಿದದ್ದು ಪೆಟ್ರೋಲಿಯಂನಿಂದ ತಯಾರಿಸಿದ ಕೃತಕ ರಬ್ಬರ್, ಕಾರ್ಬನ್ ಬ್ಲ್ಯಾಕ್ ಎಂಬ ಮಸಿ, ಸಿಲಿಕಾ, ಉಕ್ಕಿನ ತಂತಿ, ಪಾಲಿಯೆಸ್ಟರ್ ನೂಲು, ಗಂಧಕ, ಎಣ್ಣೆ. 5,200ರ ಟೈರಿಗೂ 7,600ರ ಟೈರಿಗೂ ಇವೇ ಸಾಮಗ್ರಿ. ಹಾಗಾದರೆ ಬೆಲೆ ಏರುವುದು ಎಲ್ಲಿ? ಸಾಮಗ್ರಿಯನ್ನು ಕಲಸುವ ಹದದಲ್ಲಿ, ಮೇಲ್ಮೈಯ ಗೆರೆ ಕೊರೆಯುವ ವಿನ್ಯಾಸದಲ್ಲಿ, ವರ್ಷಗಟ್ಟಲೆ ಪರೀಕ್ಷಾ ಟ್ರ್ಯಾಕಿನಲ್ಲಿ ಓಡಿಸಿ ತಿದ್ದಿದ್ದರಲ್ಲಿ, ಮತ್ತೆ ಹೆಸರಿನಲ್ಲಿ. ಇದರಲ್ಲಿ ಹೆಸರಿಗೆ ಕೊಡುವ ಪಾಲು ಬಿಟ್ಟರೂ ನಡೆಯುತ್ತದೆ. ಹದಕ್ಕೆ ಕೊಡುವ ಪಾಲನ್ನು ಮಾತ್ರ ಎರಡು ಸಲ ಯೋಚಿಸಿಯೇ ಬಿಡಬೇಕು.

ಟೈರಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಹದದ ಚರಿತ್ರೆ. ಮರದ ಹಾಲಿನಿಂದ ಮಾಡಿದ ರಬ್ಬರ್ ಸೆಕೆಗೆ ಅಂಟಂಟಾಗುತ್ತಿತ್ತು, ಚಳಿಗೆ ಬಿರುಕು ಬಿಡುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಕಂಡುಕೊಂಡ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಚಕ್ರದ ಸೈಕಲ್ ಕಲ್ಲುರಸ್ತೆಯಲ್ಲಿ ಎಗರದಂತೆ ಮಾಡಲು ಹೊರಟದ್ದು ಅದರ ಮೂಲ. ಆಗಿನ ಟೈರ್‌ಗಳ ಬಣ್ಣ ಮಾಸಲು ಬಿಳಿ. ಕಾರ್ಬನ್ ಬ್ಲ್ಯಾಕ್ ಬೆರೆಸಿದರೆ ರಬ್ಬರಿನ ಬಲ ಹಲವು ಪಟ್ಟು ಹೆಚ್ಚುತ್ತದೆ ಎಂದು ಗೊತ್ತಾದ ಮೇಲೆ ಟೈರ್ ಕಪ್ಪಾಯಿತು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಒಳಗಿನ ನೂಲುಗಳನ್ನು ಅಡ್ಡಾದಿಡ್ಡಿ ಹೆಣೆಯುವ ಬದಲು ಅಂಚಿನಿಂದ ಅಂಚಿಗೆ ನೇರ ಹಾಯಿಸಿ, ಮೇಲೊಂದು ಉಕ್ಕಿನ ಪಟ್ಟಿ ಸುತ್ತುವ ವಿಧಾನ ಅದು. ನನ್ನ ಟೈರಿನ ಅಳತೆಯಲ್ಲಿರುವ ‘ಆರ್’ ಅಕ್ಷರ ಬಂದದ್ದು ಅಲ್ಲಿಂದ.

ಇಷ್ಟೆಲ್ಲ ಆದರೂ ಒಂದು ಗಂಟು ಬಿಡಿಸದೆ ಉಳಿದಿತ್ತು. ರಬ್ಬರ್ ಮೆತ್ತಗಿದ್ದರೆ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿಯಿದ್ದರೆ ಬಾಳಿಕೆ ಬರುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಹಿಡಿತಕ್ಕೆ ಮೂಲವಾದ ಗುಣವೇ, ಅಂದರೆ ಅದುಮಿದಾಗ ಒಂದಿಷ್ಟು ಶಕ್ತಿಯನ್ನು ನುಂಗಿಕೊಳ್ಳುವ ಗುಣವೇ, ಉರುಳುವಾಗ ಪೆಟ್ರೋಲನ್ನೂ ತಿನ್ನುತ್ತದೆ. ಹಿಡಿತ, ಬಾಳಿಕೆ, ಮೈಲೇಜ್ ಈ ಮೂರರಲ್ಲಿ ಒಂದನ್ನು ಎಳೆದರೆ ಉಳಿದೆರಡು ಜಗ್ಗುತ್ತಿದ್ದವು. 1992ರಲ್ಲಿ ಮಿಶೆಲಿನ್ ಕಾರ್ಬನ್ ಬ್ಲ್ಯಾಕಿನ ಬಹುಪಾಲು ಜಾಗದಲ್ಲಿ ಸಿಲಿಕಾ ಬಳಸಿದ ಟೈರನ್ನು ಮಾರುಕಟ್ಟೆಗೆ ತಂದ ಮೇಲೆ ಈ ಗಂಟು ಸಡಿಲವಾಯಿತು. ಒದ್ದೆ ರಸ್ತೆಯ ಹಿಡಿತವನ್ನು ಕಳೆದುಕೊಳ್ಳದೆ ಪೆಟ್ರೋಲ್ ಉಳಿಸಲು ಸಾಧ್ಯವಾಯಿತು. ಆದರೆ ಸಿಲಿಕಾ ರಬ್ಬರಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಎರಡನ್ನೂ ಬೆಸೆಯಲು ಸಿಲೇನ್ ಎಂಬ ಇನ್ನೊಂದು ರಾಸಾಯನಿಕ ಬೇಕು. ಕಲಸುವಾಗಿನ ಬಿಸಿ, ಹೊತ್ತು ಎರಡೂ ಸರಿಯಾಗಿರಬೇಕು. ದುಬಾರಿ ಟೈರಿನ ಬೆಲೆಯಲ್ಲಿ ನಿಜವಾದ ಸರಕು ಇರುವುದು ಇಲ್ಲಿ. ಇಂದು ನಮ್ಮ ಕಂಪನಿಗಳೂ ಸಿಲಿಕಾ ಬಳಸುತ್ತವೆ. ಯಾರು ಎಷ್ಟು, ಎಂಥ ಹದದಲ್ಲಿ ಎನ್ನುವುದರಲ್ಲಿ ವ್ಯತ್ಯಾಸ.

ಈ ಹದ ಕೆಲಸ ಮಾಡುವ ಜಾಗ ಎಷ್ಟು ದೊಡ್ಡದು ಎಂದು ಒಂದು ಸಂಜೆ ಲೆಕ್ಕ ಹಾಕಿದೆ. ಜನ ಕೂತ ಮೇಲೆ ನನ್ನ ಕಾರು ಸುಮಾರು 1,200 ಕಿಲೋ ತೂಗುತ್ತದೆ. ಒಂದು ಚಕ್ರದ ಮೇಲೆ 300 ಕಿಲೋ. ಟೈರಿನೊಳಗಿನ ಗಾಳಿ 33 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. 300ನ್ನು 2.3ರಿಂದ ಭಾಗಿಸಿದರೆ 130 ಚದರ ಸೆಂಟಿಮೀಟರ್. ಅಂದರೆ ಒಂದು ಅಂಗೈ ಮತ್ತು ಬೆರಳುಗಳ ಬುಡ ಸೇರಿದಷ್ಟು ಜಾಗ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಅಮ್ಮ, ಪಕ್ಕದಲ್ಲಿ ಕೂತ ಮಗ, ಡಿಕ್ಕಿಯಲ್ಲಿರುವ ತೆಂಗಿನಕಾಯಿ ಚೀಲ, ಎಲ್ಲವೂ ನೆಲವನ್ನು ಮುಟ್ಟಿರುವುದು ಇಂಥ ನಾಲ್ಕು ಅಂಗೈಗಳಲ್ಲಿ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಎಬಿಎಸ್ ಇರಲಿ, ಆರು ಏರ್‌ಬ್ಯಾಗ್ ಇರಲಿ, ಕಾರು ನಿಲ್ಲುವುದು ಆ ನಾಲ್ಕು ಅಂಗೈ ನೆಲವನ್ನು ಹಿಡಿದುಕೊಂಡೇ.

ನೆಲ ಒಣಗಿದ್ದಾಗ ಹಿಡಿತಕ್ಕೆ ಅಷ್ಟು ಕಷ್ಟವಿಲ್ಲ. ಒಣ ಡಾಂಬರಿನ ಮೇಲೆ, ಊರೊಳಗಿನ ವೇಗದಲ್ಲಿ, ಒಳ್ಳೆಯ ಸ್ಥಿತಿಯಲ್ಲಿರುವ ಎರಡು ಟೈರ್‌ಗಳ ನಡುವಿನ ಅಂತರ ಸಾಮಾನ್ಯ ಚಾಲಕನ ಅರಿವಿಗೇ ಬರದು. ಮಳೆ ಬಿದ್ದಾಗ ಲೆಕ್ಕ ಬದಲಾಗುತ್ತದೆ. ರಸ್ತೆಯ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ ಎಂದುಕೊಳ್ಳಿ. 185 ಮಿಲಿಮೀಟರ್ ಅಗಲದ ಟೈರ್ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಸೆಕೆಂಡಿಗೆ 22 ಮೀಟರ್ ಮುಂದೆ ಸಾಗುತ್ತದೆ. ಅಷ್ಟರಲ್ಲಿ ಅದು ಬದಿಗೆ ಸರಿಸಬೇಕಾದ ನೀರು 12 ಲೀಟರ್. ಒಂದೊಂದು ಟೈರೂ ಸೆಕೆಂಡಿಗೊಂದು ಕೊಡ ನೀರನ್ನು ಹೊರಹಾಕಬೇಕು. ಹಾಕಲಾಗದಿದ್ದರೆ ಟೈರ್ ನೀರಿನ ಮೇಲೆ ಏರಿಬಿಡುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು, ಬ್ರೇಕ್ ತುಳಿದರೂ ನಿಲ್ಲದು.

ನಮ್ಮ ಕಡೆಯ ಅಡಿಕೆ ತೋಟ ಕಂಡವರಿಗೆ ಟೈರಿನ ಗೆರೆಗಳ ಕೆಲಸವನ್ನು ವಿವರಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ತೋಟದ ಕಣಿಗಳನ್ನು ಬಿಡಿಸುತ್ತಾರೆ. ಕಣಿ ಹೂಳು ತುಂಬಿದ್ದರೆ ನೀರು ಬುಡದಲ್ಲೇ ನಿಂತು ಮರ ಹೋಗುತ್ತದೆ. ಟೈರಿನ ಮೇಲಿನ ಉದ್ದ ಗೆರೆಗಳೂ ಅಂಥ ಕಣಿಗಳೇ. ಹೊಸ ಟೈರಿನಲ್ಲಿ ಅವುಗಳ ಆಳ ಸುಮಾರು ಎಂಟು ಮಿಲಿಮೀಟರ್. 1.6 ಮಿಲಿಮೀಟರಿಗೆ ಇಳಿದರೆ ಟೈರ್ ಮುಗಿಯಿತು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಂಡುಗಳಿರುತ್ತವೆ, ಮೇಲ್ಮೈ ಸವೆದು ಆ ದಿಂಡಿನ ಮಟ್ಟಕ್ಕೆ ಬಂತೆಂದರೆ ಬದಲಿಸಲೇಬೇಕು ಎಂದರ್ಥ. ಮಲೆನಾಡು, ಕರಾವಳಿಯ ಮಳೆಯಲ್ಲಿ ಓಡಾಡುವವರು ಅಲ್ಲಿಯವರೆಗೆ ಕಾಯಬಾರದು, ಮೂರು ಮಿಲಿಮೀಟರ್ ಇರುವಾಗಲೇ ಬದಲಿಸುವುದು ಕ್ಷೇಮ.

ಈಗ ಹಿಡಿತದ ವ್ಯತ್ಯಾಸ ಎಂದರೆ ಎಷ್ಟು ಎನ್ನುವ ಮಾತು. ಯುರೋಪಿನಲ್ಲಿ ಪ್ರತಿ ಹೊಸ ಟೈರಿನ ಮೇಲೂ ಒಂದು ಚೀಟಿ ಇರಬೇಕು. ಒದ್ದೆ ರಸ್ತೆಯ ಹಿಡಿತ, ಇಂಧನ ಉಳಿತಾಯ, ಸದ್ದು ಮೂರನ್ನೂ ಅದರಲ್ಲಿ ನಮೂದಿಸುತ್ತಾರೆ. 2021ರ ಮೇ ತಿಂಗಳಿಂದ ಮೊದಲೆರಡಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆ. ಮೇಲಿನ ದರ್ಜೆಗೂ ಕೆಳಗಿನ ದರ್ಜೆಗೂ ಬ್ರೇಕ್ ಹಾಕಿ ನಿಲ್ಲುವ ದೂರದಲ್ಲಿ ಹಲವು ಮೀಟರ್‌ಗಳ ಅಂತರವಿರುತ್ತದೆ. ಅದರ ಅರ್ಥವನ್ನು ಒಂದು ಉದಾಹರಣೆಯಿಂದ ನೋಡೋಣ. ಹುಣಸೂರು ದಾಟಿದ ಮೇಲಿನ ನೇರ ರಸ್ತೆ, ಮಳೆ, ವೇಗ 80. ಎದುರಿಗೆ ಹಸುವೊಂದು ಅಡ್ಡ ಬಂತು. ಒಂದು ಕಾರು 36 ಮೀಟರಿನಲ್ಲಿ ನಿಲ್ಲುತ್ತದೆ, ಇನ್ನೊಂದು ನಿಲ್ಲಲು 45 ಮೀಟರ್ ಬೇಕು ಎಂದಿಟ್ಟುಕೊಳ್ಳಿ. ಒಂಬತ್ತು ಮೀಟರ್ ತಾನೇ ಎನ್ನಿಸಬಹುದು. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರಿನ ವೇಗ ಇನ್ನೂ ಗಂಟೆಗೆ ಸುಮಾರು 36 ಕಿಲೋಮೀಟರ್ ಇರುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ನಿಲ್ಲುವ ದೂರ ಬೆಳೆಯುವುದರಿಂದ ಹೀಗಾಗುತ್ತದೆ. ಬ್ರೇಕಿನ ದೂರದ ಕೊನೆಯ ಭಾಗದಲ್ಲೇ ವೇಗ ಸರಸರನೆ ಇಳಿಯುವುದು. ಹಸುವಿಗೂ ಅಲ್ಲಿರಬಹುದಾದ ಶಾಲೆಯ ಮಗುವಿಗೂ ಆ 36 ಕಿಲೋಮೀಟರ್ ಸಾವು ಬದುಕಿನ ಲೆಕ್ಕ.

ಅದೇ ಲೆಕ್ಕವನ್ನು ಗಂಟೆಗೆ 40ರ ವೇಗಕ್ಕೆ ಹಾಕಿದರೆ ದೂರಗಳು ನಾಲ್ಕರಲ್ಲೊಂದಕ್ಕೆ ಇಳಿಯುತ್ತವೆ: ಒಂಬತ್ತು ಮೀಟರ್ ಮತ್ತು ಹನ್ನೊಂದೂಕಾಲು. ಅಂತರ ಎರಡೂಕಾಲು ಮೀಟರ್ ಮಾತ್ರ. ಸಂಪಾಜೆ ಘಾಟಿಯ ತಿರುವಿನಲ್ಲಿ, ಮಂಜಿನೊಳಗಿಂದ ಥಟ್ಟನೆ ಬಸ್ಸೊಂದು ಎದುರಾದಾಗ ಆ ಎರಡೂಕಾಲು ಮೀಟರಿಗೂ ಬೆಲೆಯಿದೆ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜರಿದು ಈ ದಾರಿ ವಾರಗಟ್ಟಲೆ ಮುಚ್ಚಿತ್ತು. ಈಗಲೂ ಜೋರು ಮಳೆಯಲ್ಲಿ ಮಣ್ಣು, ಎಲೆ, ಸಣ್ಣ ಕಲ್ಲು ರಸ್ತೆಗೆ ಇಳಿದಿರುತ್ತವೆ. ಅಲ್ಲಿ ನಿಧಾನವೇ ಮೊದಲ ರಕ್ಷೆ, ಟೈರ್ ಎರಡನೆಯದು. ಹಾಗಾಗಿ ದುಬಾರಿ ಟೈರಿನ ಹೆಚ್ಚಿನ ಗುಣ ನಿಜಕ್ಕೂ ಫಲ ಕೊಡುವುದು ಮಳೆಯೂ ವೇಗವೂ ಕೂಡಿದ ಕಡೆ. ಅವೆರಡೂ ನಿಮ್ಮ ದಾರಿಯಲ್ಲಿ ಎಷ್ಟು ಕೂಡುತ್ತವೆ ಎನ್ನುವುದನ್ನು ನೀವೇ ಹೇಳಬೇಕು, ಯಾವ ಕಂಪನಿಯೂ ಹೇಳಲಾರದು.

ಇನ್ನು ದುಡ್ಡಿನ ಲೆಕ್ಕ. ಟೈರ್ ನಲವತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂದುಕೊಂಡರೆ, ಕಡಿಮೆ ಬೆಲೆಯ ನಾಲ್ಕು ಟೈರಿಗೆ ಕೊಟ್ಟ 20,800 ರೂಪಾಯಿ ಕಿಲೋಮೀಟರಿಗೆ 52 ಪೈಸೆಯಾಗುತ್ತದೆ. ಹೆಚ್ಚು ಬೆಲೆಯ 30,400 ರೂಪಾಯಿ 76 ಪೈಸೆ. ಅಂತರ 24 ಪೈಸೆ. ಲೀಟರಿಗೆ ನೂರರ ಮೇಲಿರುವ ಪೆಟ್ರೋಲ್ ಹಾಕಿ, ಲೀಟರಿಗೆ ಹದಿನಾರು ಕಿಲೋಮೀಟರ್ ಓಡುವ ಕಾರಿಗೆ ಪೆಟ್ರೋಲ್ ಖರ್ಚೇ ಕಿಲೋಮೀಟರಿಗೆ ಆರು ರೂಪಾಯಿ ದಾಟುತ್ತದೆ. ನಲವತ್ತು ಸಾವಿರ ಕಿಲೋಮೀಟರಿಗೆ ಎರಡೂವರೆ ಸಾವಿರ ಲೀಟರ್, ಎರಡೂವರೆ ಲಕ್ಷ ರೂಪಾಯಿ. ಹಗುರವಾಗಿ ಉರುಳುವ ಟೈರ್ ಅದರಲ್ಲಿ ನೂರಕ್ಕೆ ಎರಡರಷ್ಟು ಉಳಿಸಿದರೂ ಐದು ಸಾವಿರ ಮರಳಿ ಬಂತು. ದುಬಾರಿಯಾದದ್ದೆಲ್ಲ ಹಾಗೆ ಉಳಿಸುತ್ತದೆ ಎನ್ನಲಾಗದು. ಕೆಲವನ್ನು ಹಿಡಿತಕ್ಕೆಂದೇ, ಕೆಲವನ್ನು ಸದ್ದಿಲ್ಲದ ಪ್ರಯಾಣಕ್ಕೆಂದೇ ಮಾಡಿರುತ್ತಾರೆ. ಕೇಳಿ ತಿಳಿದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದದ್ದೂ ಒಂದು ಆಸರೆ.

ಇಷ್ಟು ಹೇಳಿದ ಮೇಲೆ ದುಬಾರಿ ಟೈರೇ ಎಲ್ಲರಿಗೂ ಒಳ್ಳೆಯದು ಎಂದರೆ ಅನ್ಯಾಯವಾದೀತು. ನಾನು ಹೋದ ಟೈರ್ ಅಂಗಡಿಯವರು ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿರುವವರು. ದೊಡ್ಡ ಬಿಲ್ಲಿನ ಆಸೆಯಿಲ್ಲದೆ ಮಾತಾಡಿದರು. “ನಿಮ್ಮ ರೋಡ್ ಯಾವ್ದು ಮೇಡಂ? ಅದನ್ನ ಹೇಳಿ ಮೊದ್ಲು” ಎಂದದ್ದೇ ಅವರು. ಕೆಲವು ಹೊರದೇಶದ ವಿನ್ಯಾಸದ ಟೈರ್‌ಗಳ ಪಕ್ಕದ ಗೋಡೆ ಮೆತ್ತಗಿರುತ್ತದೆ. ಕೂತವರಿಗೆ ಸುಖ, ಆದರೆ ಚೂಪು ಅಂಚಿನ ಗುಂಡಿಗೆ ಜೋರಾಗಿ ಬಿದ್ದರೆ ಒಳಗಿನ ನೂಲು ಹರಿದು ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ, ಬಿಸಾಡುವುದೇ. ಗುಂಡಿಗಳ ನಡುವೆಯೇ ದಿನ ಕಳೆಯುವ ಕಾರಿಗೆ ನಮ್ಮ ರಸ್ತೆ ನೋಡಿ ಮಾಡಿದ ಗಟ್ಟಿಮುಟ್ಟಾದ ಟೈರೇ ಸರಿ ಎಂದರು. ನಮ್ಮದು, ಹೊರಗಿನವರದ್ದು ಎನ್ನುವ ಗೆರೆಯೂ ಈಗ ಮಸುಕಾಗಿದೆ. ಬ್ರಿಡ್ಜ್‌ಸ್ಟೋನ್ ಟೈರ್ ಪೀತಂಪುರದಲ್ಲೂ ಪುಣೆಯ ಹತ್ತಿರದ ಚಾಕಣದಲ್ಲೂ ತಯಾರಾಗುತ್ತದೆ, ಯೊಕೊಹಾಮಾ ಹರಿಯಾಣದ ಬಹಾದ್ದೂರ್‌ಗಢದಲ್ಲಿ. ನೆದರ್‌ಲೆಂಡ್ಸಿನ ಹಳೆಯ ಹೆಸರಾದ ವ್ರೆಡೆಸ್ಟೈನ್ 2009ರಿಂದ ನಮ್ಮ ಅಪೋಲೊ ಕಂಪನಿಯ ಸ್ವತ್ತು. ಮೇಷ್ಟ್ರ ದೇಶಾಭಿಮಾನಕ್ಕೂ ಹುಡುಗರ ಬ್ರ್ಯಾಂಡ್ ಅಭಿಮಾನಕ್ಕೂ ಈ ಮಾತು ಒಟ್ಟಿಗೆ ಅನ್ವಯಿಸುತ್ತದೆ.

ಕಡಿಮೆ ಬೆಲೆಯದೆಂದರೆ ಅಪಾಯದ್ದು ಎಂದೂ ತಿಳಿಯಬಾರದು. ಇಲ್ಲಿ ಮಾರುವ ಕಾರಿನ ಟೈರಿಗೆ ಐಎಸ್‌ಐ ಗುರುತು ಬೇಕು. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಇಷ್ಟಕ್ಕೂ ಕನಿಷ್ಠ ಮಟ್ಟ ನಿಗದಿ ಮಾಡಿ ಕೇಂದ್ರ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಕನಿಷ್ಠಕ್ಕಿಂತ ಎಷ್ಟು ಮೇಲಿದೆ ಎಂದು ಕೊಳ್ಳುವವರಿಗೆ ಕಣ್ಣಿಗೆ ಕಾಣುವಂತೆ ಹೇಳುವ ಚೀಟಿ ಮಾತ್ರ ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಫ್ರಿಜ್ಜಿನ ಮೇಲಿನ ನಕ್ಷತ್ರ ನೋಡಿ ಕೊಳ್ಳುವ ನಮಗೆ ಟೈರಿನ ಒದ್ದೆ ಹಿಡಿತದ ದರ್ಜೆಯೂ ಕಾಣಬೇಕು. ಜೀವಕ್ಕೆ ಸಂಬಂಧಿಸಿದ ಮಾಹಿತಿ ಕೊಳ್ಳುವವರ ಹಕ್ಕು ಎಂದೇ ನಾನು ನಂಬಿದ್ದೇನೆ.

ಟೈರಿನ ಪಕ್ಕೆಯನ್ನು ಓದಲು ಕಲಿತರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. 185 ಎಂದರೆ ಅಗಲ ಮಿಲಿಮೀಟರಿನಲ್ಲಿ, 65 ಎಂದರೆ ಎತ್ತರ ಆ ಅಗಲದ ನೂರಕ್ಕೆ 65, 15 ಎಂದರೆ ಒಳಗಿನ ರಿಮ್ಮಿನ ಅಡ್ಡಳತೆ ಇಂಚಿನಲ್ಲಿ. ಮುಂದೆ 88 ಎಂದಿದ್ದರೆ ಒಂದು ಟೈರ್ 560 ಕಿಲೋ ಹೊರಬಲ್ಲದು. ‘ಎಚ್’ ಎಂದರೆ ಗಂಟೆಗೆ 210 ಕಿಲೋಮೀಟರ್ ತನಕ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ ತಯಾರಾದದ್ದು ಎಂದು ತಿಳಿಯಬೇಕು. ರಬ್ಬರಿಗೆ ವಯಸ್ಸಾಗುತ್ತದೆ. ಗೋದಾಮಿನಲ್ಲಿ ಕೂತರೂ, ಬಿಸಿಲಲ್ಲಿ ನಿಂತರೂ ಅದು ಗಟ್ಟಿಯಾಗುತ್ತಾ, ಸೀಳು ಬಿಡುತ್ತಾ ಹೋಗುತ್ತದೆ. ರಿಯಾಯಿತಿಯಲ್ಲಿ ಸಿಕ್ಕ ಮೂರು ವರ್ಷ ಹಳೆಯ ಪ್ರೀಮಿಯಂ ಟೈರಿಗಿಂತ ಎರಡು ತಿಂಗಳ ಹಿಂದೆ ತಯಾರಾದ ಸಾಮಾನ್ಯ ಟೈರನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ.

ಎದುರುಮನೆಯ ಮೇಷ್ಟ್ರಿಗೂ ನಾನು ಹೇಳಿದ್ದು ಅದನ್ನೇ. ಅವರ ಕಾರು ದೇವರಾಜ ಮಾರುಕಟ್ಟೆ, ಆಸ್ಪತ್ರೆ, ಶುಕ್ರವಾರ ಚಾಮುಂಡಿಬೆಟ್ಟ, ಇಷ್ಟು ಓಡುತ್ತದೆ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಆಗದು. ಅವರ ಟೈರ್ ಸವೆಯುವ ಮೊದಲೇ ವಯಸ್ಸಾಗಿ ಹೋಗುತ್ತದೆ. “ಮೇಷ್ಟ್ರೇ, ನಿಮಗೆ ನಮ್ಮ ಕಂಪನಿಯದ್ದೇ ಸರಿ. ತಾರೀಖು ನೋಡಿ ಹೊಸದು ಕೊಳ್ಳಿ, ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತೋರಿಸಿ” ಎಂದೆ. ಅಣ್ಣನ ಪಿಕಪ್ಪಿಗೂ ಅಷ್ಟೇ. ತೋಟದ ಮಣ್ಣು ದಾರಿಯಲ್ಲಿ ರಬ್ಬರ್ ಶೀಟ್ ಹೇರಿಕೊಂಡು ಪೇಟೆಗೆ ಹೋಗಿಬರುವ ಗಾಡಿಗೆ ಭಾರ ತಡೆಯುವ ಗಟ್ಟಿ ಟೈರ್ ಬೇಕು, ಸದ್ದಿಲ್ಲದ ಸುಖ ಬೇಡ.

ನನ್ನ ಕಾರಿಗೆ ನಾನು 7,600 ರೂಪಾಯಿಯದನ್ನೇ ಹಾಕಿಸಿದೆ. ನಮ್ಮ ಓಡಾಟ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್ ನಡುವೆ ಬರುತ್ತದೆ. ಆಟಿಯ ಮಳೆಯಲ್ಲಿ ಅಮ್ಮನನ್ನು ನೋಡಲು, ಚೌತಿಗೆ, ನವರಾತ್ರಿಗೆ. ಹುಣಸೂರಿನಿಂದ ಕುಶಾಲನಗರದವರೆಗೆ ವೇಗ, ಮಡಿಕೇರಿಯಿಂದ ಕೆಳಗೆ ಮಂಜು ಮತ್ತು ತಿರುವು. ಮಳೆಯೂ ವೇಗವೂ ಕೂಡುವ ದಾರಿ ಅದು. ಆ ದಾರಿಗೆ ಕಿಲೋಮೀಟರಿಗೆ 24 ಪೈಸೆ ಹೆಚ್ಚು ಕೊಡುವುದು ನನಗೆ ದುಬಾರಿ ಅನ್ನಿಸಲಿಲ್ಲ. ಸ್ಪೀಕರ್ ಮುಂದಿನ ವರ್ಷ ನೋಡೋಣ ಎಂದು ಮಗನಿಗೆ ಹೇಳಿದೆ. ಲೆಕ್ಕವನ್ನು ಅವನೂ ನೋಡಿದ್ದ, ಒಪ್ಪಿಕೊಂಡ.

ಬೆಲೆಗಿಂತ ಮೊದಲು ಮಾಡಬೇಕಾದ ಕೆಲಸಗಳಿವೆ, ಅವಕ್ಕೆ ದುಡ್ಡು ಹೆಚ್ಚು ಬೇಡ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟಿರಬೇಕೆಂದು ಚಾಲಕನ ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಿರುತ್ತದೆ. ಗಾಳಿ ಕಡಿಮೆಯಾದರೆ ಅಂಚು ಸವೆಯುತ್ತದೆ, ಟೈರ್ ಬಿಸಿಯಾಗುತ್ತದೆ, ನೀರಿನ ಮೇಲೆ ಬೇಗ ತೇಲುತ್ತದೆ. ಹೆಚ್ಚಾದರೆ ನಡುವೆ ಸವೆದು ಹಿಡಿತ ತಗ್ಗುತ್ತದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಚಕ್ರಗಳ ಜಾಗ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಸ್ಟೆಪ್ನಿಯ ಗಾಳಿ ಮರೆಯಬೇಡಿ. ನಾಲ್ಕಕ್ಕೂ ಒಟ್ಟಿಗೆ ದುಡ್ಡು ಹೊಂದದಿದ್ದರೆ ಎರಡನ್ನೇ ಹಾಕಿಸಿ, ಆದರೆ ಹೊಸ ಎರಡು ಹಿಂದಿನ ಚಕ್ರಕ್ಕೆ ಇರಲಿ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿ ಕೈಮೀರುತ್ತದೆ.

ಹಾಗಾದರೆ ದುಬಾರಿ ಟೈರಿಗೆ ಆ ಬೆಲೆ ಸಲ್ಲುತ್ತದೆಯೇ? ಮಳೆಯಲ್ಲಿ ಹೆದ್ದಾರಿ ಹಿಡಿಯುವವರಿಗೆ, ಘಾಟಿ ಹತ್ತಿ ಇಳಿಯುವವರಿಗೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೂರ ಹೋಗುವವರಿಗೆ ಸಲ್ಲುತ್ತದೆ. ಊರೊಳಗೆ ನಿಧಾನವಾಗಿ ಓಡಾಡುವವರಿಗೆ ನಮ್ಮ ಕಂಪನಿಗಳ ಒಳ್ಳೆಯ ಟೈರ್ ಧಾರಾಳ ಸಾಕು. ಸವೆದ ಟೈರ್ ಮಾತ್ರ ಯಾರಿಗೂ, ಯಾವ ಬೆಲೆಗೂ ಸಲ್ಲದು. ಈ ಸಲ ಮುಂಗಾರು ಬರುವ ಮೊದಲು ನಿಮ್ಮ ಕಾರಿನ ಪಕ್ಕ ಒಮ್ಮೆ ಕುಕ್ಕರಗಾಲಿನಲ್ಲಿ ಕೂತು ನಾಲ್ಕೂ ಟೈರಿನ ಗೆರೆಯ ಆಳವನ್ನೂ ಆ ನಾಲ್ಕು ಅಂಕಿಯನ್ನೂ ನೋಡಿಬಿಡಿ. ಬ್ರ್ಯಾಂಡಿನ ಮಾತು ಆಮೇಲೆ ಆಡೋಣ.